ಅಟ್ಟದ ಕಾಯಿ ಕುಣಿದ ಸಂಜೆ

ನಿವೃತ್ತಿಗೆ ಇನ್ನೆರಡು ವರ್ಷವಿದ್ದಾಗ ನಾನು ಬಿಳಿಗೆರೆ ಕಡೆಯ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನೌಕರಿಯಲ್ಲಿ ಲೆಕ್ಕವಿಲ್ಲದಷ್ಟು ಹಸುಗಳ ಹೆರಿಗೆ ಮಾಡಿಸಿದ್ದೇನೆ. ಆದರೆ ಸಾವಿರಾರು ಜನರ ಹಾಡು ಕುಣಿತದ ಪಕ್ಕದಲ್ಲಿ ಮಾಡಿಸಿದ್ದು ಒಂದೇ ಒಂದು. ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ!

ಆ ವರ್ಷ ರಾಗಿ ಕುಯ್ಲು ಮುಗಿದ ಮೇಲೆ ಊರಂಚಿನ ಹೊಲದಲ್ಲಿ ಮ್ಯೂಸಿಕ್ ಫೆಸ್ಟಿವಲ್ ನಡೆಯಿತು. ಹೊಲ ಕೊಟ್ಟವನು ನಾಗರಾಜು. ಬೇಲಿಯಾಚೆಯ ತೋಟದ ಮನೆ ಅವನ ಅತ್ತಿಗೆ ಗಂಗಮ್ಮನವರದು. ಗಂಡ ತೀರಿಕೊಂಡ ಮೇಲೆ ತೋಟವನ್ನೂ ಗೌರಿ ಎಂಬ ಹಸುವನ್ನೂ ಒಬ್ಬರೇ ಸಂಭಾಳಿಸುತ್ತಿದ್ದರು. “ತುಂಬಿದ ಗಬ್ಬದ ಹಸ ಐತೆ, ಬ್ಯಾಡ ಕಣಪ್ಪ ಅಂತ ಹೇಳ್ದೆ. ನನ್ನ ಮಾತಿಗೆ ಬೆಲೆ ಎಲ್ಲೈತೆ ಬುಡಿ!” ಎಂದು ಸಿಟ್ಟಾಗಿ ಮೈದುನನ ಜೊತೆ ಮಾತು ಬಿಟ್ಟಿದ್ದರು.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಬಲಿತ ತೆಂಗಿನಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಒಣಗಲು ಬಿಡುತ್ತಾರೆ. ನೀರು ಇಂಗಿದ ಮೇಲೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗಡಗಡ ಎಂದರೆ ಸುಲಿಯಲು ಆಗಿದೆ ಎಂದರ್ಥ. ಎಷ್ಟೋ ಮನೆಗಳಲ್ಲಿ ಈ ಅಟ್ಟ ಇರುವುದು ದನದ ಕೊಟ್ಟಿಗೆಯ ಮೇಲೆಯೇ. ಕಳ್ಳರ ಕಣ್ಣು ಬಿದ್ದೀತೆಂದು, ಯಾರ ಅಟ್ಟದ ಕಾಯಿ ಆಗಿದೆ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಫೆಸ್ಟಿವಲ್ಲಿನ ಹಿಂದಿನ ದಿನ ಲಸಿಕೆ ಹಾಕಲು ನಾನು ಆ ಊರಿಗೆ ಹೋಗಿದ್ದೆ. ಆಗ ಸ್ಪೀಕರ್ ಪರೀಕ್ಷೆಗೆಂದು ಬೇಸ್ ಬಿಟ್ಟರು ನೋಡಿ, ಅದೇ ಎದೆಯೊಳಗೆ ಗುದ್ದುವ ತಗ್ಗು ಸದ್ದು, ಊರಿನ ಅರ್ಧ ಅಟ್ಟಗಳು ಒಟ್ಟಿಗೆ ಗಡಗಡ ಎಂದವು! ಜಗಲಿಯ ಮೇಲಿದ್ದ ಯಜಮಾನರೊಬ್ಬರು ಬಿದ್ದುಬಿದ್ದು ನಕ್ಕರು. “ಯಾರದು ಆಗೈತೆ, ಯಾರದು ಆಗಿಲ್ಲ, ಎಲ್ಲರ ಗುಟ್ಟೂ ರಟ್ಟಾಯ್ತಲ್ರಲಾ!” ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮರುದಿನ ಸಂಜೆ ನಗು ಹಾರಿಹೋಯಿತು. “ಡಾಕ್ಟ್ರಮ್ಮ, ಗೌರಿ ನೋವು ತಿಂತಾ ಅವ್ಳೆ. ಒಂದೇ ಕಾಲು ಕಾಣ್ತೈತೆ. ಬೇಗ ಬನ್ನಿ” ಎಂದು ಗಂಗಮ್ಮನವರ ಫೋನು. ರಸ್ತೆ ತುಂಬಾ ಫೆಸ್ಟಿವಲ್ಲಿನ ಕಾರುಗಳು. ಸ್ಕೂಟರನ್ನು ಒಂದು ತೋಟದಲ್ಲಿ ನಿಲ್ಲಿಸಿ, ಬ್ಯಾಗು ಹೆಗಲಿಗೇರಿಸಿ, ಸೀರೆ ಎತ್ತಿಕಟ್ಟಿ ಓಡಿದೆ. ಆ ವಯಸ್ಸಿನಲ್ಲಿ ಹಾಗೆ ಓಡಿದ್ದು ಇವತ್ತಿಗೂ ನನಗೇ ಆಶ್ಚರ್ಯ.

ಕೈ ಹಾಕಿ ನೋಡಿದೆ. ಕರು ಬದುಕಿತ್ತು. ಒಂದು ಮುಂಗಾಲು ಹೊರಗೆ, ಇನ್ನೊಂದು ಮಂಡಿಯಲ್ಲಿ ಮಡಚಿಕೊಂಡು ಒಳಗೇ ಸಿಕ್ಕಿಕೊಂಡಿತ್ತು. ಕರುವನ್ನು ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯೊಳಗೆ ಮುಚ್ಚಿ ಹಿಡಿದು, ಕಾಲನ್ನು ಮೆಲ್ಲಗೆ ಮುಂದಕ್ಕೆ ತರಬೇಕು. ಆ ಗಳಿಗೆಯಲ್ಲಿ ಹಸು ಜಿಗಿದರೆ ಗೊರಸು ತಾಗಿ ಗರ್ಭಕೋಶವೇ ಹರಿಯುತ್ತದೆ. ತಡವಾದರೆ ಕರು ಉಳಿಯುವುದಿಲ್ಲ. ಗೌರಿಯೋ, ನಾನು ಗೊರಸು ಹಿಡಿದಾಗಲೆಲ್ಲ ಎಗರಿಬೀಳುತ್ತಿದ್ದಳು. ಒಮ್ಮೆಯಂತೂ ನನ್ನ ಮೊಣಕೈ ಮುರಿದೇಹೋಯಿತು ಎಂದುಕೊಂಡೆ.

“ಹಾಳು ಹಾಡು! ಇವರ ಮನೆ ಹಾಳಾಗ!” ಎಂದು ಬೈದೆ. ಆದರೆ ಗಮನಿಸಿದರೆ, ಬರೀ ಹಾಡುವಾಗ ಹಸು ನೆಟ್ಟಗೆ ನಿಂತಿರುತ್ತಿತ್ತು. ಬೇಸ್ ಶುರುವಾದೊಡನೆ ಕತ್ತೆತ್ತಿ ಮೇಲೆ ನೋಡುತ್ತಿತ್ತು. ಮೇಲೆ ಅಟ್ಟ! ಅಷ್ಟೂ ಕಾಯಿ ತಲೆಯ ಮೇಲೆಯೇ ಗಡಗಡ ಎನ್ನುತ್ತಿತ್ತು. ಅಟ್ಟ ಮೈಮೇಲೆ ಬೀಳುತ್ತದೆಂದು ಅದರ ಹೆದರಿಕೆ. ಹೊರಗೆ ಕರೆದೊಯ್ಯಲು ನೋಡಿದೆವು. ಬಾಗಿಲಲ್ಲಿ ಬಣ್ಣಬಣ್ಣದ ದೀಪ, ಜನ, ಗಲಾಟೆ. ಗೌರಿ ಹೊಸ್ತಿಲು ದಾಟಲಿಲ್ಲ.

“ಬೇಸ್ ನಿಲ್ಲಿಸಿದರೆ ಉಳಿಸಿಕೊಳ್ತೀನಿ ಗಂಗಮ್ಮನವರೇ. ಹೇಳೋದು ಯಾರಿಗೆ?”

ಆಕೆ ಒಂದು ಗಳಿಗೆ ತುಟಿ ಕಚ್ಚಿದರು. ಆಮೇಲೆ ಬೇಲಿಗೆ ಓಡಿ, ಇದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದು ಕೂಗಿದರು. “ಲೋ ನಾಗಾ! ಗೌರಿ ಸಾಯ್ತಾ ಅವ್ಳೆ ಕಣೋ! ಆ ಗುದ್ದೋ ಸದ್ದು ನಿಲ್ಸೋ!”

ಬೇಲಿಯ ಪಕ್ಕದಲ್ಲೇ ಇದ್ದ ಹೊಲದ ಗೇಟಿನಲ್ಲಿ ಕಾರುಗಳಿಗೆ ದಾರಿ ಬಿಡಿಸುತ್ತಿದ್ದ ನಾಗರಾಜು ತಿರುಗಿ ನೋಡಿದ. “ಬಂದೆ ಅತ್ಗೆ!” ಎಂದವನೇ ಪಂಚೆ ಎತ್ತಿ, ಕುಣಿಯುತ್ತಿದ್ದವರ ನಡುವೆ ನುಗ್ಗಿದ. ವೇದಿಕೆಯ ಕೆಳಗೆ ಸೌಂಡ್ ನೋಡಿಕೊಳ್ಳುವ ಹುಡುಗಿಗೆ ಅವನು ಏನು ಹೇಳಿದನೋ, ನಡುಹಾಡಿನಲ್ಲಿ ಬೇಸ್ ಪಟ್ಟನೆ ನಿಂತಿತು. ಜನ ಹೋ ಎಂದು ಕೂಗಿದರು. ಹಾಡುವವರು ಮೈಕಿನಲ್ಲಿ, “ಪಕ್ಕದ ಮನೇಲಿ ಒಂದು ಹೆರಿಗೆ ಆಗ್ತಿದೆ. ಸ್ವಲ್ಪ ಮೆಲ್ಲಗೆ ಹಾಡೋಣ್ವಾ?” ಎಂದರು. ಆಹಾ, ಆಮೇಲೆ ಬಂದದ್ದು ಬರೀ ಕೊಳಲು, ಬರೀ ಕಂಠ.

ಅಟ್ಟ ಸುಮ್ಮನಾಯಿತು. ಗೌರಿ ಕತ್ತು ಇಳಿಸಿದಳು. ಗೊರಸು ಅಂಗೈಗೆ ಬಂತು. ತಿರುಗಿಸಿದೆ. ಕಾಲು ನೇರವಾಯಿತು! ಎರಡೂ ಮುಂಗಾಲಿಗೆ ಹಗ್ಗ ಬಿಗಿದೆ. “ಎಳೀರಿ!” ಎಂದೆ. ಗೌರಿ ತಿಣುಕಿದ ಹೊತ್ತಿಗೆ ಸರಿಯಾಗಿ ಗಂಗಮ್ಮನವರೂ ನಾನೂ ಹಗ್ಗ ಜಗ್ಗಿದೆವು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಿಲ್ಲ. ಬಾಯಿ ಒರೆಸಿ, ಎದೆ ತಿಕ್ಕಿ, ಮೂಗಿಗೆ ಹುಲ್ಲುಕಡ್ಡಿ ಹಾಕಿದೆ. ಸೀನಿತು! ನಾನು ಸಣ್ಣ ಹುಡುಗಿಯ ಹಾಗೆ ಕಿರುಚಿಬಿಟ್ಟೆ.

ಬಾಗಿಲಲ್ಲಿ ನಾಗರಾಜು ನಿಂತಿದ್ದ. ಒಳಗೆ ಬರಲು ಸಂಕೋಚ. ಅಲ್ಲಿಂದಲೇ ವೇದಿಕೆಯವರಿಗೆ ಫೋನು ಮಾಡಿದ. “ಹೆಣ್ಗರು ಕಣ್ರೀ! ಇಬ್ರೂ ಚೆನ್ನಾಗವ್ರೆ!” ಹೊಲದಲ್ಲಿ ಎದ್ದ ಆ ಕೇಕೆ, ಆ ಸಿಳ್ಳೆ! ಬೇಸ್ ಮತ್ತೆ ಬಂತು. ಅಟ್ಟ ಗಡಗಡ ಎಂದಿತು. ಗೌರಿ ಕತ್ತೆತ್ತಲೇ ಇಲ್ಲ, ಕರುವನ್ನು ನೆಕ್ಕುತ್ತಿದ್ದಳು.

ಮರುದಿನ ಬೆಳಿಗ್ಗೆ ನೋಡಲು ಹೋದೆ. ಗಂಗಮ್ಮನವರು ಗಿಣ್ಣು ಕಾಯಿಸಿದ್ದರು. ಕರು ಕುಡಿದು ಉಳಿದ ಮೊದಲ ಹಾಲನ್ನು ನಮ್ಮ ಕಡೆ ಮಾರುವುದಿಲ್ಲ, ಬೇಕಾದವರಿಗೆ ಹಂಚುತ್ತಾರೆ. ಒಂದು ಡಬ್ಬಿಯನ್ನು ನಾಗರಾಜುವಿನ ಕೈಗೆ ಕೊಟ್ಟು, “ಆ ಸೌಂಡ್ ಹುಡ್ಗಿಗೆ ಕೊಡು” ಎಂದರು. ಅವನು ಹೊರಟ. “ಎಲ್ಲಿಗೋ? ಕೂತ್ಕೊಂಡು ನಿಂದು ತಿಂದು ಹೋಗು” ಎಂದು ತಟ್ಟೆ ಮುಂದಿಟ್ಟರು. ಅವನು ಕುಳಿತು ತಿಂದ. ಅವನ ಕಣ್ಣು ತುಂಬಿತ್ತು, ನನ್ನದೂ.

ರೋಗ ಹಸುವಿನ ಮೈಯಲ್ಲಿದೆ ಎಂದು ನಾವು ವೈದ್ಯರು ನೇರ ಅಲ್ಲಿಗೇ ಕೈ ಹಾಕುತ್ತೇವೆ. ಆ ಸಂಜೆಯ ನಂತರ, ನಿವೃತ್ತಿಯಾಗುವವರೆಗೂ, ಯಾವ ಕೊಟ್ಟಿಗೆಗೆ ಹೋದರೂ ನಾನು ಮೊದಲು ನೋಡಿದ್ದು ಹಸು ಎತ್ತ ನೋಡುತ್ತಿದೆ ಎಂಬುದನ್ನು. ಗಂಗಮ್ಮನವರೂ ಒಂದು ಪಾಠ ಕಲಿತರು. ಮುಂದಿನ ವರ್ಷ ಫೆಸ್ಟಿವಲ್ ಬರುವ ಮೊದಲೇ ಕೊಟ್ಟಿಗೆಯ ಅಟ್ಟ ಖಾಲಿಯಾಗಿತ್ತು. ಕಾಯಿ ಇಳಿಸಿಕೊಟ್ಟವನು ನಾಗರಾಜು.