ಬಲಕ್ಕೆ ಮಾತ್ರ ತಿರುಗುವ ನರ್ಸಮ್ಮ

ಲೋಲಾಕ್ಷಿ ನರ್ಸಮ್ಮನಿಗೆ ಸೈಕಲ್ ಕಲಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದಕ್ಕೆಲ್ಲ ಪೇಟೆಯವರು ಬೈದದ್ದು ನನ್ನನ್ನೇ, ಅವರನ್ನಲ್ಲ.

ಆಗ ಕಾಸರಗೋಡಿನಲ್ಲಿ ಕೋಟೆಯ ಪಕ್ಕದ ಚೌಕದಲ್ಲಿ ನನ್ನ ಅಂಗಡಿ. ಚೆನ್ನಪ್ಪನ ಸೈಕಲ್ ಅಂಗಡಿ ಎಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ಕೋಟೆ ಎಂದಾಕ್ಷಣ ಕಣ್ಣರಳಿಸಬೇಡಿ. ಕುಸಿದ ಒಂದು ಕೊತ್ತಳ, ಮುರಕಲ್ಲಿನ ಗೋಡೆ, ಗೋಡೆಯ ಮೇಲೆ ನಾಲ್ಕು ಆಡು, ಕೆಳಗೆ ಮುಳ್ಳು ತುಂಬಿದ ಕಂದಕ. ಚೌಕದ ನಟ್ಟನಡುವೆ ಅಶ್ವತ್ಥಕಟ್ಟೆ. ಹೊರಊರಿನವರು ಬಸ್ಸಿಳಿದರೆ ಮೊದಲು ಕೋಟೆ ನೋಡಿ, ಕಟ್ಟೆಗೆ ಕೈಮುಗಿದು, ನನ್ನ ಅಂಗಡಿಯ ನೆರಳಿನಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಸೈಕಲ್ ಮಾತ್ರ ಕೇಳುತ್ತಿರಲಿಲ್ಲ.

ಕಾರಡ್ಕದ ಲೋಲಾಕ್ಷಿ ಬಂದದ್ದು ಸ್ವಾತಂತ್ರ್ಯ ಬಂದು ಎರಡನೆಯ ವರ್ಷ, ಸೂಲಗಿತ್ತಿಯ ಕೆಲಸಕ್ಕೆ. ಮೂವತ್ತೈದರ ಹೆಂಗಸು, ಗಟ್ಟಿ ಆಳು, ಎದೆಗವಚಿದ ಒಂದು ತಗಡಿನ ಪೆಟ್ಟಿಗೆ. ಕೋಟೆಯನ್ನೊಮ್ಮೆ ನೋಡಿದರು. ಆಮೇಲೆ ನನ್ನ ಅಂಗಡಿಯ ಮೂಲೆಯಲ್ಲಿದ್ದ ಹೆಂಗಸರ ಸೈಕಲ್ಲನ್ನು ಕೋಟೆಗಿಂತ ಹೆಚ್ಚು ಹೊತ್ತು ನೋಡಿದರು. ಊರು ಬಿಟ್ಟು ಹೊರಟ ಒಬ್ಬ ದೊರೆಸಾನಿಯಿಂದ ನಾನು ಅದನ್ನು ಕೊಂಡಿದ್ದೆ. ಎರಡು ವರ್ಷದಿಂದ ಅದರ ಮೇಲೆ ಕೋಳಿ ಬಿಟ್ಟರೆ ಬೇರಾರೂ ಕೂತಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದುಕೊಂಡು ನಾನು ಸೈಕಲ್ಲಿನ ಧೂಳು ಒರೆಸಿಟ್ಟೆ.

ಬಂದರು, ನಾಲ್ಕು ತಿಂಗಳ ಮೇಲೆ. ಕಣ್ಣು ಕೆಂಪಾಗಿತ್ತು.

"ಚೆನ್ನಪ್ಪಣ್ಣ, ನಿನ್ನೆ ಅನಂತಪುರದ ಹತ್ತಿರ ಒಂದು ಹೆರಿಗೆ. ನಡೆದುಕೊಂಡು ಹೋದೆ. ಅರ್ಧ ಗಂಟೆ ಮೊದಲು ತಲುಪಿದ್ದರೆ ಮಗು ಉಳಿಯುತ್ತಿತ್ತು. ಇನ್ನೊಂದು ಸಲ ನಾನು ತಡವಾಗಿ ಹೋಗುದಿಲ್ಲ. ನನಗೆ ಇದನ್ನು ಕಲಿಸಿ."

ಮರುದಿನ ಬೆಳಗ್ಗೆ ಆರಕ್ಕೇ ಶುರು. ಚೌಕದಲ್ಲಿ ಸಪಾಟಾದ ನೆಲ ಇದ್ದದ್ದು ಕಟ್ಟೆಯ ಸುತ್ತ ಮಾತ್ರ. ಕಟ್ಟೆಯ ಕಲ್ಲಿನ ಮೇಲೆ ಕಾಲೂರಿ ಅವರು ಸೀಟಿನ ಮೇಲೆ ಕೂತರು, ನಾನು ಹಿಂದಿನಿಂದ ಹಿಡಿದು ತಳ್ಳಿದೆ. ಹತ್ತು ಮಾರು ಹೋಗಿದ್ದೇವೋ ಇಲ್ಲವೋ, ಕಟ್ಟೆಯ ಮೇಲಿಂದ ಗುಡುಗು:

"ನಿಲ್ಲಿಸಿ! ಅಪ್ರದಕ್ಷಿಣೆ!"

ನರ್ಸಮ್ಮ ನಿಲ್ಲಿಸಲಿಲ್ಲ, ಬಿದ್ದರು. ಗುಡುಗಿದವರು ಭುಜಂಗರಾಯರು. ಆ ಕಟ್ಟೆಯನ್ನು ಕೈಯಿಂದ ದುಡ್ಡು ಹಾಕಿ ಕಟ್ಟಿಸಿದವರು, ದಿನಾ ಬೆಳಗ್ಗೆ ಮರಕ್ಕೆ ನೀರೆರೆದು ಸುತ್ತು ಬರುವವರು. ಶಾಸ್ತ್ರ ಎಂದರೆ ಅವರಿಗೆ ಊಟಕ್ಕಿಂತ ಮೇಲು.

"ರಾಯರೇ, ಇದು ಸೈಕಲ್ಲು," ಎಂದೆ.

"ಸೈಕಲ್ಲಾದರೆ ಎಂತ, ಮೇಲೆ ಕೂತದ್ದು ಮನುಷ್ಯರಲ್ಲವಾ? ಅಶ್ವತ್ಥನನ್ನು ಬಲಕ್ಕಿಟ್ಟುಕೊಂಡೇ ಸುತ್ತಬೇಕು. ಎಡಕ್ಕಿಟ್ಟು ಸುತ್ತಿದ ಪಾಪ ಯಾರು ಹೊರುದು, ನೀನಾ?"

ಸರಿ, ಬಲಕ್ಕೇ ಸುತ್ತಿದೆವು. ಒಂದು ದಿನವಲ್ಲ, ಎರಡು ದಿನವಲ್ಲ, ಒಂದೂವರೆ ತಿಂಗಳು. ನಾನು ಓಡಿ ಓಡಿ ಹಣ್ಣುಗಾಯಿ ನೀರುಗಾಯಿ ಆದೆ. ನರ್ಸಮ್ಮ ಬಿದ್ದಾಗಲೆಲ್ಲ "ಹ್ಯಾಂಡಲ್ ಸೊಟ್ಟ ಉಂಟು" ಎನ್ನುವರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ರೇಗಿಸುವೆ. ಎಷ್ಟು ಬಿದ್ದರೂ ಅವರಿಗೆ ನಗು. ಕೊನೆಗೊಂದು ಬೆಳಗ್ಗೆ ನಾನು ಕೈಬಿಟ್ಟದ್ದು ಅವರಿಗೆ ಗೊತ್ತಾಗಲಿಲ್ಲ. ಸುತ್ತು ಮುಗಿಸಿ ಬರುವಾಗ ಅಂಗಡಿ ಬಾಗಿಲಲ್ಲಿ ನಿಂತ ನನ್ನನ್ನು ಕಂಡು "ಅಯ್ಯೋ, ನೀವು ಇಲ್ಲಿ ಎಂತ ಮಾಡುದು!" ಎಂದು ಕಿರುಚಿದರು ನೋಡಿ, ಗೋಡೆಯ ಆಡುಗಳೆಲ್ಲ ಓಟ ಕಿತ್ತವು. ನನಗೂ ಕುಣಿಯುವಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಎಡವಟ್ಟು ತಿಳಿದದ್ದು ಆಮೇಲೆ. ಅವರಿಗೆ ಸೈಕಲ್ ಬರುತ್ತಿತ್ತು, ಆದರೆ ಬಲಕ್ಕೆ ಮತ್ತು ನೇರಕ್ಕೆ ಮಾತ್ರ. ಎಡಕ್ಕೆ ಹ್ಯಾಂಡಲ್ ತಿರುಗಿತೋ, ಬಿದ್ದರು. ಅವರೇ ಒಂದು ಉಪಾಯ ಕಂಡುಕೊಂಡರು. ಎಡಗಡೆಯ ದಾರಿಗೆ ಹೋಗಬೇಕಾದರೆ ಯಾವುದಾದರೂ ಮರವನ್ನೋ ಬಾವಿಯನ್ನೋ ಬಲಕ್ಕಿಟ್ಟು ಮುಕ್ಕಾಲು ಸುತ್ತು ಹೊಡೆಯುವುದು, ಮುಖ ಎಡದಾರಿಗೆ ಬಂದಾಗ ನೇರ ಬಿಡುವುದು. ಹುಲ್ಲಿನ ಬಣವೆಗೆ ಸುತ್ತು, ಬಟ್ಟೆ ಒಗೆಯುವ ಕಲ್ಲಿಗೆ ಸುತ್ತು. ಒಮ್ಮೆ ದಾರಿಯಲ್ಲಿ ನಿಂತ ಎಮ್ಮೆಗೇ ಸುತ್ತು ಬಂದರಂತೆ. ಎಮ್ಮೆಯ ಯಜಮಾನ ಕೈಮುಗಿದನಂತೆ. ಜನ ನಕ್ಕರು. ಆದರೆ ಆ ಒಂದು ವರ್ಷದಲ್ಲಿ ನರ್ಸಮ್ಮ ಒಂದು ಹೆರಿಗೆಗೂ ತಡವಾಗಿ ಹೋಗಲಿಲ್ಲ.

ಒಂದು ಶನಿವಾರ ಸಂಜೆ ನಾಲ್ಕು ಗಂಟೆ. ಭುಜಂಗರಾಯರು ಎಂದಿನಂತೆ ಕಟ್ಟೆಯ ಮೇಲೆ. ಅವರ ಮಗಳು ಶಂಕರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮನೆ ಚೌಕದಿಂದ ಎರಡು ಮೈಲು. ಅವರ ಮನೆಯಾಳು ಬಟ್ಯ ಏದುಸಿರು ಬಿಡುತ್ತ ಓಡಿ ಬಂದ.

"ಧಣಿ, ಸಣ್ಣಮ್ಮನಿಗೆ ನೋವು ಜೋರಾಯ್ತು! ಮಗುವಿನ ಕಾಲು ಮುಂದೆ ಉಂಟಂತೆ! ನರ್ಸಮ್ಮ ಬಾರದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಅಂತ ಅಜ್ಜಿ ಹೇಳಿದರು!"

ರಾಯರ ಮುಖ ಸುಣ್ಣದಂತಾಯಿತು. ಅಷ್ಟರಲ್ಲಿ ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸುತ್ತ ನರ್ಸಮ್ಮನೇ ಇನ್ನೊಂದು ಮನೆಯಿಂದ ಚೌಕಕ್ಕೆ ಬರಬೇಕೇ! "ಶಂಕರಿ! ಕಾಲು ಮುಂದೆ!" ಎಂದು ನಾನು ಕೂಗಿದೆ. ಅವರಿಗೆ ಅಷ್ಟೇ ಸಾಕಾಯಿತು.

ಆದರೆ ರಾಯರ ಮನೆದಾರಿ ಇದ್ದದ್ದು ಕಟ್ಟೆಯ ಆಚೆಗೆ. ನರ್ಸಮ್ಮ ದಿನಾ ಕಟ್ಟೆಯನ್ನು ಬಲಕ್ಕಿಟ್ಟು ಹೋಗುವ ಬದಿಯಲ್ಲಿ ಒಂದು ಎತ್ತಿನಗಾಡಿ ಅಚ್ಚು ಮುರಿದು ಕೂತಿತ್ತು. ದಾರಿ ತುಂಬ ತೆಂಗಿನಕಾಯಿ. ಉಳಿದದ್ದು ಕಟ್ಟೆಗೂ ಕಂದಕಕ್ಕೂ ನಡುವಿನ ಓಣಿ. ಅಲ್ಲಿ ನುಗ್ಗಿದರೆ ಕಟ್ಟೆ ಎಡಕ್ಕೆ, ಕಂದಕ ಬಲಕ್ಕೆ. ಎಡಕ್ಕೆ ತಿರುಗಿಸದಿದ್ದರೆ ನರ್ಸಮ್ಮ, ತಗಡಿನ ಪೆಟ್ಟಿಗೆ, ನನ್ನ ಸೈಕಲ್ಲು ಮೂರೂ ಮುಳ್ಳಿಗೆ. ಹೋಯಿತು ಕಥೆ ಎಂದುಕೊಂಡೆ.

"ಎಡಕ್ಕೆ ತಿರುಗಿಸಿ, ನರ್ಸಮ್ಮ, ಎಡಕ್ಕೆ!"

ಕೂಗಿದವರು ಯಾರು ಎಂದುಕೊಂಡಿರಿ? ಭುಜಂಗರಾಯರು!

"ನನಗೆ ಎಡ ಬರುದಿಲ್ಲ!" ಎಂದು ನರ್ಸಮ್ಮ.

ಅರವತ್ತೆರಡು ವರ್ಷದ ರಾಯರು ಕಟ್ಟೆಯಿಂದ ಧುಮುಕಿದರು. ಪಂಚೆ ಮೇಲೆ ಕಟ್ಟಿ ಸೀಟಿನ ಹಿಂಬದಿ ಹಿಡಿದರು, ಇನ್ನೊಂದು ಕೈಯಿಂದ ಹ್ಯಾಂಡಲ್ಲನ್ನು ಎಡಕ್ಕೆ ಎಳೆದರು, ಓಡಿದರು. ಸೈಕಲ್ ತಿರುಗಿತು. ತಿರುಗಿದ್ದು ತಿರುಗಿಯೇ ಬಿಟ್ಟಿತು! ಜನ ಗಾಡಿಯನ್ನು ಬದಿಗೆಳೆದು ದಾರಿ ಬಿಟ್ಟರೂ ನರ್ಸಮ್ಮನಿಗೆ ಹ್ಯಾಂಡಲ್ ನೇರ ಮಾಡಲು ಆಗದು, ರಾಯರಿಗೆ ಕೈಬಿಡಲು ಧೈರ್ಯ ಸಾಲದು. ಕಟ್ಟೆಗೆ ಒಂದು ಸುತ್ತು, ಎರಡು ಸುತ್ತು, ಕಾಲಡಿಯಲ್ಲಿ ತೆಂಗಿನಕಾಯಿ ಉರುಳಾಟ, ರಾಯರ ಬಾಯಲ್ಲಿ "ನಾರಾಯಣ ನಾರಾಯಣ", ಗಾಡಿಯ ಎತ್ತುಗಳೂ ಕತ್ತು ತಿರುಗಿಸಿ ನೋಡುತ್ತಿದ್ದವು. ನೋಡಿ ನೋಡಿ ನನಗೇ ತಲೆ ತಿರುಗಿತು. ಮೂರನೆಯ ಸುತ್ತಿನಲ್ಲಿ ಮನೆದಾರಿ ಎದುರಾದಾಗ ರಾಯರು ಹ್ಯಾಂಡಲ್ ನೇರ ಮಾಡಿ, ಇದ್ದಬದ್ದ ಬಲ ಹಾಕಿ ತಳ್ಳಿ, ಅಲ್ಲೇ ಅಂಗಾತ ಬಿದ್ದರು. ನರ್ಸಮ್ಮ ನೇರ ಹೋದರು, ಸೆರಗು ಹಾರಿಸುತ್ತ, ಗಂಟೆ ಬಾರಿಸುತ್ತ.

ಒಂದೂವರೆ ಗಂಟೆಯ ಮೇಲೆ ಬಟ್ಯ ಮತ್ತೆ ಓಡಿ ಬಂದ. ಈ ಸಲ ನಗುತ್ತ. ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ. ರಾಯರು ಅತ್ತರು; ನನ್ನ ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡರು.

ಮೂರು ದಿನ ಬಿಟ್ಟು ಅಂಗಡಿಗೆ ಬಂದರು. "ಚೆನ್ನಪ್ಪ, ನರ್ಸಮ್ಮನಿಗೆ ಎಡಕ್ಕೂ ಕಲಿಸು."

"ಎಲ್ಲಿ ಕಲಿಸುದು ರಾಯರೇ? ಸಪಾಟು ಜಾಗ ಕಟ್ಟೆಯ ಸುತ್ತ ಮಾತ್ರ ಇರುದು."

"ಅಲ್ಲೇ ಕಲಿಸು. ನಾನು ಕೋಟೆ ನೋಡುತ್ತಾ ಇರುತ್ತೇನೆ."

ಹಾಗೇ ಮಾಡಿದರು. ಬೆಳಗ್ಗೆ ಆರಕ್ಕೆ ನಾವು ಬಂದೊಡನೆ ರಾಯರು ಕಟ್ಟೆಯ ತುದಿಯಲ್ಲಿ ನಮಗೆ ಬೆನ್ನು ಹಾಕಿ, ಕೋಟೆಗೆ ಮುಖ ಮಾಡಿ ಕೂರುವರು. ಹುಟ್ಟಿದಂದಿನಿಂದ ನೋಡಿದ ಆ ಕೋಟೆಯಲ್ಲಿ ಹೊಸತೆಂತ ಕಂಡಿತೋ! ನರ್ಸಮ್ಮ ಎಡಕ್ಕೆ ಸುತ್ತುವರು. ಅವರು ಹೋದ ಮೇಲೆ ರಾಯರು ಇಳಿದು, ಮರವನ್ನು ಬಲಕ್ಕಿಟ್ಟು, ಮೆಲ್ಲಮೆಲ್ಲನೆ ಕಟ್ಟೆ ಸುತ್ತುವರು. ದಿನಾ ಸುತ್ತುವವರೇ ಅಲ್ಲವೇ, ಎಷ್ಟು ಸುತ್ತು ಎಂದು ನಾನು ಗಮನಿಸಲಿಲ್ಲ.

ಹದಿನೈದನೆಯ ದಿನ ನರ್ಸಮ್ಮನಿಗೆ ಎಡ ಒಲಿಯಿತು. ಅಬ್ಬಾ, ಆ ಖುಷಿ! ಒಂದು ಕೈ ಬಿಟ್ಟು ನನಗೆ ಟಾಟಾ ಮಾಡಿದರು. ಇಳಿಯಿರಿ ಎಂದರೆ ಇಳಿಯಲಿಲ್ಲ. ಇಪ್ಪತ್ತು ಸುತ್ತು, ಮೂವತ್ತು ಸುತ್ತು, ಎಲ್ಲವೂ ಎಡಕ್ಕೆ. ಆಗ ರಾಯರು, ಕೋಟೆಯಿಂದ ಮುಖ ತಿರುಗಿಸದೆಯೇ, ಗಟ್ಟಿಯಾಗಿ ಹೇಳಿದರು:

"ನಲವತ್ತೊಂದು ಆಯ್ತು. ಸಾಕು ಮಾರಾಯ್ತಿ, ಇಷ್ಟನ್ನೂ ನಾನು ಬಲಕ್ಕೆ ನಡೆದು ತೀರಿಸಬೇಕು. ನನ್ನ ಮೊಣಕಾಲು ನೋಯುತ್ತದೆ."