ಬೆಳಕಿಂಡಿಗೆ ಹಾಕಿದ ಪೈಪು

ಹೊಗೆ ಬಾರದ ಒಲೆ ಕೂಡಿಸುವುದು ನನ್ನ ಕೆಲಸ. ಮಕ್ತಲ್ ಕಡೆಯ ಒಂದು ಹಳ್ಳಿಯಲ್ಲಿ ನೀಲವ್ವ ಎಂಬ ಮುದುಕಿಯ ಮಣ್ಣಿನ ಮಾಳಿಗೆ ಮನೆಗೆ ಹೋಗಿದ್ದೆ. ಹೊಗೆ ಕುಡಿದು ಕುಡಿದು ಆಕೆಯ ಎದೆ ಕಟ್ಟಿತ್ತು, ಕಣ್ಣು ಮುಕ್ಕಾಲು ಭಾಗ ಹೋಗಿತ್ತು. ಸೊಸೆ ಮಲ್ಲಮ್ಮನೇ ನನ್ನನ್ನು ಕರೆಸಿದ್ದಳು.

ಹಳೆಯ ಒಲೆ ಕಿತ್ತು ಹೊಸದು ಕೂಡಿಸಿದೆ, ಮಸಿ ಹಿಡಿದ ಗೋಡೆ ಕೆರೆದು ಸುಣ್ಣ ಬಳಿದೆ. ಗೋಡೆ ಕೊರೆದರೆ ಕುಸಿದೀತು ಅನ್ನಿಸಿ, ಹೊಗೆ ಹೋಗುವ ಪೈಪನ್ನು ಆ ಕೋಣೆಯ ಮಾಳಿಗೆಯಲ್ಲಿದ್ದ ಒಂದೇ ಬೆಳಕಿಂಡಿಯಿಂದ ಮೇಲೆ ಕಳಿಸಿದೆ. ಮಳೆ ಸೋರಬಾರದಲ್ಲ, ಸುತ್ತ ಉಳಿದ ಸಂದಿಗೆಲ್ಲ ಸಿಮೆಂಟ್ ಮೆತ್ತಿದೆ. ಕೆಲಸ ಚೊಕ್ಕ ಆಯಿತು ಅಂದುಕೊಂಡೆ.

ವಾರ ಬಿಟ್ಟು ನೋಡಲು ಹೋದಾಗ ಮಟಮಟ ಮಧ್ಯಾಹ್ನ. ಮಲ್ಲಮ್ಮ ಹತ್ತಿ ಬಿಡಿಸಲು ಹೋಗಿದ್ದಳು. ನನ್ನ ಹೆಜ್ಜೆ ಸಪ್ಪಳಕ್ಕೆ ಕತ್ತಲೊಳಗಿಂದ ನೀಲವ್ವ, "ಮಲ್ಲೀ, ಬಂದ್ಯೇನ?" ಅಂದಳು.

"ನಾನ್ರಿ ಯವ್ವಾ, ಒಲಿ ಹಾಕಿದಾವ. ಕೆಮ್ಮು ಹೆಂಗೈತ್ರಿ?"

"ಕೆಮ್ಮು ಕಡಿಮಿ ಆಗೈತಪ್ಪಾ. ಕಿಂಡ್ಯಾಗಿನ ಬಿಸಲು ನೆಲ ಬಿಟ್ಟು ಗ್ವಾಡಿ ಏರಿದ್ರ, ಇನ್ನ ಮಲ್ಲಿ ಬರ್ತಾಳ ಅಂತ ತಿಳೀತಿತ್ತು. ನನ್ನ ಕಣ್ಣಿಗೆ ಕಾಣ್ತಿದ್ದದ್ದು ಅದೊಂದ. ಈಗ ಮುಂಜಾನಿಂದ ಬರೇ ಆಕಿನ್ನ ಕರಿಯೋದ ಆಗೈತಿ."

ಪೈಪ್ ಕಿತ್ತರೆ ಹೊಗೆ, ಬಿಟ್ಟರೆ ಕತ್ತಲೆ. "ಒಂದು ಬಲ್ಬ್ ಹಾಕ್ತೀನ್ರಿ" ಅಂದೆ.

"ಬಲ್ಬಿನ ಬೆಳಕು ಬಿಸಲಿನಂಗ ಸರೀತೈತೇನಪ್ಪಾ?" ಎಂದು ಕೇಳಿದಳು.

ಬಂದ ತಪ್ಪಿಗೆ ಬಲ್ಬೊಂದನ್ನು ಹಾಕಿಯೇ ಹೊರಟೆ. ಈಗಲೂ ಅದು ಹಗಲಿಡೀ ಇದ್ದಲ್ಲೇ ಉರಿಯುತ್ತಿರಬೇಕು.