ಹುಳದವರಿಗೆ ಕೊಟ್ಟ ಜೋಳದ ನುಚ್ಚು

ಮೊನ್ನೆ ಜೋಳದ ಡಬ್ಬಿಯ ಮುಚ್ಚಳ ತೆಗೆದ ಸೊಸೆ 'ಶೀ!' ಎಂದು ಹಿಂದೆ ಸರಿದಳು. ಕಾಳಿಗೆ ಕಾಳು ಅಂಟಿ ಬಲೆ ಕಟ್ಟಿತ್ತು. ನಡುವೆ ಬಿಳಿ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. "ಚೆಲ್ಲಬ್ಯಾಡ, ಹುಳಾ ಜೀವಂತ ಅವ. ಜೋಳಕ್ಕ ಏನೂ ಆಗಿಲ್ಲ" ಎಂದೆ. ಮುದುಕಿಗೆ ಅರಳುಮರಳು ಎಂಬಂತೆ ಅವಳು ನನ್ನನ್ನು ನೋಡಿದಳು. ಕಿತ್ತೂರಿನಲ್ಲಿ ನಮ್ಮ ನೆರೆಮನೆಗೆ ಹುಳದವರು ಬಂದದ್ದು ಅವಳಿಗೇನು ಗೊತ್ತು...

ಎಪ್ಪತ್ತರ ದಶಕದ ಮಾತು. ಅರಣ್ಯ ಇಲಾಖೆಯ ಕೆಲಸಕ್ಕೆ ಒಬ್ಬಂಟಿಯಾಗಿ ಬಂದ ಅವರು ಪಕ್ಕದ ಮನೆಯ ಮುಂದಿನ ಖೋಲಿಯನ್ನು ಬಾಡಿಗೆ ಹಿಡಿದಿದ್ದರು. ನಾವು ಹೆಂಗಸರು ಮೊರ ಹಿಡಿದು ಕೂತು ಆರಿಸಿ ಆರಿಸಿ ಬಿಸಾಡುವ ಹುಳವನ್ನು ಆ ಪುಣ್ಯಾತ್ಮರು ಜೋಳದ ನುಚ್ಚು ಹಾಕಿ ಸಾಕುತ್ತಿದ್ದರು! ಹುಳ ಪತಂಗವಾಗಿ ಇಟ್ಟ ತತ್ತಿಗಳನ್ನು ಗೋಂದು ಹಚ್ಚಿದ ಕಾಗದದ ಚೂರಿಗೆ ಅಂಟಿಸಿ, ಗಾಜಿನ ನಳಿಕೆಯಲ್ಲಿ ಕಣಜದ ಹುಳಗಳ ಜೊತೆ ಇಡುತ್ತಿದ್ದರು. ಸಾಸಿವೆಗಿಂತ ಸಣ್ಣ ಕಣಜ. ಅದು ಆ ತತ್ತಿಯೊಳಗೆ ತನ್ನ ತತ್ತಿ ಇಟ್ಟರೆ ಪತಂಗದ ಬದಲು ಕಣಜವೇ ಹೊರಬರುತ್ತಿತ್ತು. ಮಳೆಗಾಲದಲ್ಲಿ ಆ ಕಾಗದಗಳನ್ನು ಕಾಡಿಗೆ ಒಯ್ದು ಸಾಗವಾನಿ ಗಿಡಗಳಿಗೆ ಸಿಕ್ಕಿಸುತ್ತಿದ್ದರು. ಎಲೆ ತಿನ್ನುವ ಹುಳದ ತತ್ತಿಗಳನ್ನು ಕಣಜ ಹೀಗೆಯೇ ಮುಗಿಸುತ್ತದೆ ಎನ್ನುತ್ತಿದ್ದರು.

ಗಿರಣಿಗೆ ಹೋದಾಗ ಅವರ ನುಚ್ಚನ್ನೂ ನಾನೇ ಒಡೆಸಿ ತರುತ್ತಿದ್ದೆ. ಅವರು ನಮ್ಮ ಕಟ್ಟೆಯ ಮೇಲೆ ಡಬ್ಬಿ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದರು. ನಾನು ಮೇಲಿನಿಂದ ಸುರಿಯುತ್ತಿದ್ದೆ. ನಮ್ಮದು ಪೂಜಾರಿಕೆಯ ಮನೆತನ, ಅವರು ಬೌದ್ಧರು. ಒಳಗೆ ಬನ್ನಿ ಎಂದು ನಾವು ಅನ್ನಲಿಲ್ಲ, ಅವರು ಬರಲೂ ಇಲ್ಲ. ಬರೆಯಲು ಈಗ ನಾಚಿಕೆಯಾಗುತ್ತದೆ.

ಒಂದು ಸಲ ಕಟಕೋಳದ ತವರಿನಿಂದ ಅಣ್ಣ ಬಸ್ಸಿನ ಮೇಲೆ ಒಂದು ಚೀಲ ಜೋಳ ಹಾಕಿ ಕಳಿಸಿದ. ಕಾಳಿಗೆ ಬಿಳಿ ಪುಡಿ ಅಂಟಿತ್ತು. ದಾರಿಯ ಧೂಳು ಎಂದುಕೊಂಡು ಕೇರಿಬಿಟ್ಟೆ. ಮೊದಲು ಹುಳದವರಿಗೆ ನುಚ್ಚು ಒಡೆಸಿ ಕೊಟ್ಟೆ. ಮೂರನೆಯ ದಿನ ಮನೆಯ ಹಳೆಯ ಹಿಟ್ಟು ತೀರಿತು. ಅದೇ ಚೀಲದ ಜೋಳ ಬೀಸಿಸಿ ತಂದೆ.

ಮರುದಿನ ಬೆಳಿಗ್ಗೆ ಮೊದಲ ರೊಟ್ಟಿಗೆ ಬೆಣ್ಣೆ ಸವರಿ ನಾಲ್ಕು ವರ್ಷದ ಮಗಳ ಕೈಗೆ ಕೊಟ್ಟಿದ್ದೆ. ನೋಡನೋಡುತ್ತಿದ್ದಂತೆ ಹುಳದವರು ಹೊಸ್ತಿಲು ದಾಟಿ, ದೇವರ ಕೋಣೆ ದಾಟಿ ಸೀದಾ ಅಡುಗೆಮನೆಗೇ ನುಗ್ಗಿದರು!

"ಅಕ್ಕಾರ, ರೊಟ್ಟಿ ತಿನ್ನಬ್ಯಾಡ್ರಿ! ಜೋಳದಾಗ ವಿಷ ಐತಿ!"

ಮಗಳ ಕೈಯ ರೊಟ್ಟಿ ಕಿತ್ತು ಎಸೆದರು. ಬಾಯಿಗೆ ಬೆರಳು ಹಾಕಿ ತುತ್ತು ಹೊರತೆಗೆದರು. ಮಗು ಕಿಟಾರನೆ ಕಿರುಚಿತು. ಪೂಜೆಗೆ ಕೂತಿದ್ದ ಅತ್ತೆ ಎದ್ದು ಬಂದು "ಅಯ್ಯಯ್ಯ, ಒಲಿ ಮುಂದ ಯಾರದು!" ಎಂದು ಕೂಗಿದರು.

ಹುಳದವರು ಅಂಗೈ ಚಾಚಿದರು. ಬಿಳಿ ಪುಡಿ, ಅದರಲ್ಲಿ ಸತ್ತು ಸೆಟೆದ ಹುಳಗಳು. "ನಿಮ್ಮ ನುಚ್ಚು ತಿಂದು ಎಲ್ಲಾ ಸತ್ತಾವ್ರಿ. ಕೂಸು ನುಂಗೇತೇನ್ರಿ?"

"ಇಲ್ಲ... ಅದ ಮೊದಲನೇ ತುತ್ತು" ಎಂದೆ.

ಅವರು ಅಲ್ಲೇ ಒಲೆಯ ಮುಂದೆ ಕುಸಿದು ಕೂತು, "ಬದುಕಿದ್ವಿ ಬಿಡ್ರಿ" ಎಂದರು. ನಾನು ಮಗಳನ್ನು ಅಪ್ಪಿಕೊಂಡು ಗಳಗಳ ಅತ್ತುಬಿಟ್ಟೆ. ಅತ್ತೆ ಅವರ ಅಂಗೈಯ ಹುಳಗಳನ್ನು ಬಗ್ಗಿ ನೋಡಿದರು. ಕೊನೆಗೆ "ಅವರಿಗೆ ಚಹಾ ಹಾಕು" ಎಂದರು. ಮಧ್ಯಾಹ್ನ ಅಡುಗೆಮನೆಯನ್ನೆಲ್ಲ ತೊಳೆದರು. ವಿಷದ ಪುಡಿಗೋಸ್ಕರವೋ, ಅವರು ಒಳಗೆ ಬಂದದ್ದಕ್ಕೋ, ನಾನು ಕೇಳಲಿಲ್ಲ.

ಸುದ್ದಿ ತಿಳಿದು ಓಡಿಬಂದ ಅಣ್ಣ ಹಣೆ ಹಣೆ ಬಡಿದುಕೊಂಡ. ಹುಳ ಹತ್ತಬಾರದೆಂದು ಡಿಡಿಟಿ ಕಲಸಿಟ್ಟಿದ್ದ ಬಿತ್ತನೆ ಜೋಳದ ಚೀಲ ಅದಲುಬದಲಾಗಿತ್ತಂತೆ. ಡಾಕ್ಟರು ಮಗಳನ್ನು ನೋಡಿ ಏನೂ ಆಗಿಲ್ಲ ಎಂದರು. ಅಬ್ಬಾ, ಆ ರಾತ್ರಿ ನಾನು ನಿದ್ದೆ ಮಾಡಿದಂಥ ನಿದ್ದೆ ಮತ್ತೆಂದೂ ಮಾಡಿಲ್ಲ.

ಹುಳದವರ ಕೆಲಸ ಮಾತ್ರ ಹಾಳಾಯಿತು. ಹೊಸ ಹುಳ ತರಿಸಿ ಕಣಜ ಬೆಳೆಸುವುದರೊಳಗೆ ಆ ಮಳೆಗಾಲದ ಸಾಗವಾನಿ ಎಲೆಗಳು ಜರಡಿಯಾಗಿದ್ದವು. ಮೇಲಿನವರ ಹತ್ತಿರ ಬೈಸಿಕೊಂಡರಂತೆ. ಜೋಳ ಯಾರ ಮನೆಯದೆಂದು ಬಾಯಿಬಿಡಲಿಲ್ಲ.

ಮರುವರ್ಷ ವರ್ಗವಾಯಿತು. ಹೇಳಿಹೋಗಲು ಬಂದವರು ಎಂದಿನಂತೆ ಕಟ್ಟೆಯ ಕೆಳಗೇ ನಿಂತರು. ನಾನು ಧೈರ್ಯ ಮಾಡಿ, ಅತ್ತೆಗೂ ಕೇಳುವಂತೆ, "ಒಳಗ ಬರ್ರಿ" ಎಂದೆ.

ಅವರು ನಕ್ಕರು. "ಒಮ್ಮೆ ಬಂದೇನಲ್ರಿ ಅಕ್ಕಾರ. ಸಾಕ್ರಿ."

ಬೇಜಾರಿನ ದನಿಯಲ್ಲ, ಆದರೂ ನನಗೆ ಮುಖ ಎತ್ತಲಾಗಲಿಲ್ಲ... ಅವರು ತೀರಿಕೊಂಡ ಸುದ್ದಿ ಎಷ್ಟೋ ವರ್ಷಗಳ ಮೇಲೆ ಯಾರಿಂದಲೋ ಬಂತು. ಇನ್ನು ಕರೆಯುವುದು ಯಾರನ್ನು?

ಮೊನ್ನೆಯ ಆ ಜೋಳವನ್ನು ಬಿಸಿಲಿಗೆ ಹರವಿ, ಕೇರಿ, ಬೀಸಿಸಿದೆವು. ನಿನ್ನೆ ಮಗಳು ಬಂದಿದ್ದಳು, ಅವಳ ತಲೆಯಲ್ಲೂ ಈಗ ನೆರೆ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟೆ. ಮೊದಲ ತುತ್ತು ಅವಳ ಗಂಟಲಿಳಿಯುವವರೆಗೂ ಅವಳ ಬಾಯನ್ನೇ ನೋಡುತ್ತ ಕೂತಿದ್ದೆ.